ಸಂಪಾದಕರ ಉತ್ತರ: ದಾರಿಯಲ್ಲಿ ಸಿಕ್ಕವರು

ಧಾರವಾಡದ ಓದುಗರೊಬ್ಬರು ಬರೆಯುತ್ತಾರೆ: ‘ಮೂರು ತಿಂಗಳು ಒಬ್ಬನೇ ಊರೂರು ಸುತ್ತಿದೆ. ನೂರು ಜನರ ನಂಬರು ಮೊಬೈಲಿನಲ್ಲಿದೆ, ಒಬ್ಬರೂ ವಿಚಾರಿಸುವುದಿಲ್ಲ. ರೈಲಿನ ಗೆಳೆತನ ನಿಲ್ದಾಣದ ತನಕ, ಅಷ್ಟೇ ಅಲ್ಲವೇ?’

ಮುಕ್ಕಾಲು ಪಾಲು ನಿಜ ಸ್ವಾಮಿ. ಸಂತೆಗೆ ಬಂದವರೆಲ್ಲ ನೆಂಟರಾಗುವುದಿಲ್ಲ. ಆದರೆ ಉಳಿದ ಕಾಲು ಪಾಲಿಗಾಗಿ ನಾನು ಜಗಳಕ್ಕೂ ಸಿದ್ಧ.

ಹ್ಯುಯೆನ್ ತ್ಸಾಂಗ್ ಎಂದರೆ ಪುಲಕೇಶಿಯನ್ನು ಕೊಂಡಾಡಿದವನು, ಎರಡು ಅಂಕದ ಪ್ರಶ್ನೆ. ಶಾಲೆಯಲ್ಲಿ ಅಲ್ಲಿಗೆ ಮುಗಿಯಿತು. ರಾಜಾಜ್ಞೆ ಮೀರಿ ಭಾರತಕ್ಕೆಂದು ಗಡಿ ದಾಟಿದ ಚೀನಾದ ಈ ಭಿಕ್ಷುವನ್ನು ಮರುಭೂಮಿಯಂಚಿನ ಗಾವೋಚಾಂಗ್ ದೊರೆ ತನ್ನಲ್ಲೇ ಉಳಿಸಿಕೊಳ್ಳಲು ಹಟ ಹಿಡಿದ. ಈತ ಉಪವಾಸ ಕುಳಿತ. ಸೋತ ದೊರೆ ಅಣ್ಣತಮ್ಮಂದಿರೆಂದು ಆಣೆಯಿಟ್ಟು, ಮುಂದಿನ 24 ರಾಜ್ಯಗಳಿಗೆ ಓಲೆ ಬರೆಸಿಕೊಟ್ಟ. ಮರಳುವಾಗ ಮೂರು ವರ್ಷ ಇಲ್ಲಿರುತ್ತೇನೆಂದು ಈತನ ಮಾತು. ಅಷ್ಟರಲ್ಲಿ, 640ರಲ್ಲಿ, ದೊರೆಯೂ ಹೋದ, ರಾಜ್ಯವೂ ಹೋಯಿತು.

645ರಲ್ಲಿ ಚೀನಾದ ರಾಜಧಾನಿ ಚಾಂಗಾನ್ ಸೇರಿದ ಏಳು ವರ್ಷದ ಮೇಲೆ ಬೋಧಗಯೆಯ ಮಹಾಬೋಧಿ ವಿಹಾರದಿಂದ ಓಲೆ ಬಂತು, ಜೊತೆಗೆ ಎರಡು ಬಿಳಿ ಬಟ್ಟೆ. ದಾರಿ ದೂರ, ಕಾಣಿಕೆ ಸಣ್ಣದೆಂದು ಬೇಸರಿಸಬೇಡಿ ಎಂಬ ಸಂಕೋಚ ಬೇರೆ! ಈತ ಬರೆದ ಉತ್ತರಗಳಲ್ಲಿ ನಾಲಂದದ ಗುರು ಶೀಲಭದ್ರನ ಸಾವಿನ ಅಳಲಿದೆ; ಸಿಂಧೂ ನದಿ ದಾಟುವಾಗ ನೀರುಪಾಲಾದ ಗ್ರಂಥಗಳ ಪಟ್ಟಿಯೂ ಇದೆ, ದಯವಿಟ್ಟು ಕಳುಹಿಸಿ ಎಂದು. ಹಾಗೆ ಕೇಳುವ ಸಲುಗೆ ನಮ್ಮಲ್ಲಿ ಎಷ್ಟು ಜನ ದಾಯಾದಿಗಳ ನಡುವೆ ಉಳಿದಿದೆ?

ನನ್ನದು ಚಿಕ್ಕ ಕಥೆ. 1986ರಲ್ಲಿ ಗುಳೇದಗುಡ್ಡದಲ್ಲಿ ಕೊನೆಯ ಬಸ್ಸು ತಪ್ಪಿತು. ನೇಕಾರರೊಬ್ಬರು ರೊಟ್ಟಿ, ಪುಂಡಿಪಲ್ಯ ಬಡಿಸಿ ಮಗ್ಗದ ಪಕ್ಕದಲ್ಲೇ ಚಾಪೆ ಹಾಸಿದರು. ಬೆಳಗಿನ ಜಾವ ಲಾಳಿಯ ಸದ್ದಿಗೆ ಎಚ್ಚರವಾಯಿತು. ಆಮೇಲೆ ಪ್ರತಿ ಯುಗಾದಿಗೆ ಅವರ ಹದಿನೈದು ಪೈಸೆಯ ಕಾರ್ಡು. ನನ್ನ ಮಗಳ ಮದುವೆಗೆ ಟಪಾಲಿನಲ್ಲಿ ಒಂದು ಖಣ. ಅವಳು ಅದನ್ನು ಇನ್ನೂ ಹೊಲಿಸಿಲ್ಲ, ಕತ್ತರಿ ಹಾಕಲು ಮನಸ್ಸು ಬರುವುದಿಲ್ಲವಂತೆ.

ಈಗ ದಾರಿ ಹೇಳುವುದು ಮೊಬೈಲು, ಮಲಗಲು ಮುಂಗಡ ಕಾದಿರಿಸಿದ ಕೋಣೆ, ಉಂಡೆದ್ದ ಮೇಲೆ ಆತಿಥ್ಯಕ್ಕೆ ಇಷ್ಟು ನಕ್ಷತ್ರ. ಯಾರ ಹಂಗೂ ಬೇಡವೆಂದು ಹೊರಟವರಿಗೆ ನಂಟು ಎಲ್ಲಿಂದ ಅಂಟಬೇಕು? ಪತ್ರಿಕೆಯ ಪಾಡೂ ಅದೇ. ಓದುಗರ ಪತ್ರ ತುಂಬಲು ನಮ್ಮಲ್ಲಿ ಗೋಣಿಚೀಲವಿತ್ತು. ಈಗ ಬರುವುದು ಹೆಬ್ಬೆರಳಿನ ಚಿತ್ರ.

ನೀವಾದರೂ ನಾಲ್ಕು ಸಾಲು ಬರೆದಿರಿ, ಸಂತೋಷ. ಆದರೆ ಆ ನೂರು ನಂಬರುಗಳಲ್ಲಿ ನೀವಾಗಿ ಎಷ್ಟಕ್ಕೆ ಕರೆ ಮಾಡಿದಿರಿ? ಅದನ್ನು ಬರೆದೇ ಇಲ್ಲವಲ್ಲ.