ಶಿಫ್ಟ್ ಶುರುವಾಗುವ ಮುಂಚೆ ಫೋರ್ಕ್‌ಲಿಫ್ಟ್‌ನಲ್ಲಿ ನಿಜವಾಗಿ ಏನೇನು ನೋಡಬೇಕು?

ನೀವು ಕೇಳಿದ್ದು ಇದು: ಗೋದಾಮಿನಲ್ಲಿ 3 ಟನ್ನಿನ ಡೀಸೆಲ್ ಗಾಡಿ, ದಿನಕ್ಕೆ ಮೂರು ಶಿಫ್ಟ್, ಚೆಕ್‌ಲಿಸ್ಟ್‌ನಲ್ಲಿ 25 ಸಾಲು. ಎಲ್ಲರೂ ಸೀಟಿನಲ್ಲಿ ಕೂತೇ ಟಿಕ್ ಹಾಕಿ ಕೀಲಿ ತಿರುಗಿಸುತ್ತಾರೆ. ಇದರಲ್ಲಿ ಯಾವುದನ್ನು ನೋಡಲೇಬೇಕು, ಎಷ್ಟು ಹೊತ್ತು ಹಿಡಿಯುತ್ತದೆ?

ಹತ್ತು ನಿಮಿಷ ಸಾಕು. ಅದರಲ್ಲಿ ಅರ್ಧ ಹೊತ್ತನ್ನು ಗಾಡಿಯ ಮುಂದೆ ನಿಂತು, ಸರಕು ಹೊರುವ ಫೋರ್ಕು ಮತ್ತು ಅದನ್ನು ಮೇಲೆತ್ತುವ ಚೈನಿಗೇ ಕೊಡಿ ಅನ್ನುತ್ತೇನೆ. ಹಾರ್ನ್ ಕೆಟ್ಟರೆ ಒತ್ತಿದ ಕೂಡಲೇ ಗೊತ್ತಾಗುತ್ತದೆ. ಫೋರ್ಕಿನಲ್ಲಿ ಬಿಟ್ಟ ಬಿರುಕು ಮಾತ್ರ ಸರಕು ಕೆಳಗೆ ಬೀಳುವವರೆಗೂ ಸದ್ದು ಮಾಡುವುದಿಲ್ಲ.

ಮೊದಲು, ಗಾಡಿಯನ್ನು ಕದಲಿಸುವ ಮುಂಚೆಯೇ, ಅದು ನಿಂತಿದ್ದ ನೆಲ ನೋಡಿ. ರಾತ್ರಿಯೆಲ್ಲ ತೊಟ್ಟಿಕ್ಕಿದ್ದು ಅಲ್ಲೇ ಇರುತ್ತದೆ. ಮಾಸ್ಟ್ (ಫೋರ್ಕು ಏರಿಳಿಯುವ ಮುಂದಿನ ಕಂಬದ ಚೌಕಟ್ಟು) ಕೆಳಗೆ ಎಣ್ಣೆ ಇದ್ದರೆ ಹೈಡ್ರಾಲಿಕ್ ಹೋಸು ಅಥವಾ ಸಿಲಿಂಡರ್ ಸೀಲು, ಚಕ್ರದ ಒಳಬದಿ ಒದ್ದೆಯಾಗಿದ್ದರೆ ಬ್ರೇಕ್ ಆಯಿಲ್ ಇರಬಹುದು. ಹೋಸು ಎಲ್ಲಿ ಸೋರುತ್ತಿದೆ ಎಂದು ಬೆರಳಿನಿಂದ ಸವರಿ ಹುಡುಕಬೇಡಿ. ಒತ್ತಡದಲ್ಲಿರುವ ಎಣ್ಣೆ ಸೂಜಿಯಂಥ ರಂಧ್ರದಿಂದ ಚಿಮ್ಮಿ ಚರ್ಮದೊಳಕ್ಕೆ ಹೊಕ್ಕುಬಿಡುತ್ತದೆ. ಹೊರಗೆ ಚುಕ್ಕೆಯಷ್ಟೇ ಗಾಯ, ಒಳಗೆ ಮಾಂಸ ಕೊಳೆಯುತ್ತದೆ. ಹಾಗಾದರೆ ತಡಮಾಡದೆ ಆಸ್ಪತ್ರೆಗೆ ಓಡಬೇಕು. ಹುಡುಕಲು ರಟ್ಟಿನ ತುಂಡು ಹಿಡಿಯಿರಿ.

ಇನ್ನು ಫೋರ್ಕು. ನೇರ ನಿಂತ ಭಾಗ ಮುಂದಕ್ಕೆ ಬಾಗುವ ಮೂಲೆ ಇದೆಯಲ್ಲ, ಹೀಲ್ ಅನ್ನುತ್ತಾರೆ, ಭಾರವೆಲ್ಲ ಬಂದು ಕೂರುವುದು ಅಲ್ಲಿ. ಫೋರ್ಕನ್ನು ನೆಲಕ್ಕೆ ಉಜ್ಜಿಕೊಂಡು ಪ್ಯಾಲೆಟ್ ಕೆಳಗೆ ನುಗ್ಗಿಸುವ ಅಭ್ಯಾಸದಿಂದ ಸವೆಯುವುದೂ ಅಲ್ಲೇ. ಬಟ್ಟೆಯಲ್ಲಿ ಒರೆಸಿ, ಟಾರ್ಚ್ ಹಾಕಿ, ಮೂಲೆಯ ಒಳಬದಿಯನ್ನೂ ಮೇಲಿನ ಕೊಕ್ಕೆಗಳ ವೆಲ್ಡಿಂಗನ್ನೂ ನೋಡಿ. ಕೂದಲೆಳೆಯಂಥ ಗೆರೆ ಕಂಡರೂ ಗಾಡಿ ನಿಲ್ಲಬೇಕು. ಸೈಟಿನಲ್ಲೇ ವೆಲ್ಡ್ ಮಾಡಿಸಿ ಓಡಿಸುವ ಮಾತು ಯಾರಾದರೂ ಆಡಿದರೆ ಒಪ್ಪಬೇಡಿ. ಫೋರ್ಕು ಹದ ಮಾಡಿದ ಉಕ್ಕು, ವೆಲ್ಡಿಂಗ್ ಕಾವು ಆ ಹದವನ್ನೇ ಕೆಡಿಸುತ್ತದೆ.

ಸವೆತಕ್ಕೆ ಲೆಕ್ಕ ಇದೆ. ದಪ್ಪದಲ್ಲಿ 10% ಹೋದರೆ ಫೋರ್ಕು ಬದಲಿಸಬೇಕು. 45 ಮಿ.ಮೀ. ದಪ್ಪದ್ದಾದರೆ 40.5 ಮಿ.ಮೀ. ಕೊನೆ. ಹತ್ತೇ ಶೇಕಡಾ ತಾನೇ ಅನ್ನಿಸಬಹುದು. ಆದರೆ ಬಾಗುವ ಬಲವನ್ನು ತಡೆಯುವ ಶಕ್ತಿ ದಪ್ಪದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ: 0.9 ಗುಣಿಸು 0.9, ಅಂದರೆ 0.81. ಐದರಲ್ಲಿ ಒಂದು ಪಾಲು ತಾಕತ್ತು ಹೋದಂತೆ. ಎರಡೂ ಫೋರ್ಕಿನ ತುದಿಗಳ ಎತ್ತರದ ವ್ಯತ್ಯಾಸ ಫೋರ್ಕಿನ ಉದ್ದದ 3% ಮೀರಬಾರದು, 1070 ಮಿ.ಮೀ. ಫೋರ್ಕಿಗೆ ಸುಮಾರು 32 ಮಿ.ಮೀ. ಈ ಅಳತೆಗಳು ದಿನಾ ಬೇಡ, ತಿಂಗಳಿಗೊಮ್ಮೆ ಮೆಕ್ಯಾನಿಕ್ ಜೊತೆ ಕ್ಯಾಲಿಪರ್ ಹಿಡಿದು ಮಾಡಿ ಬರೆದಿಡಿ. ದಿನಾ ನೋಡಬೇಕಾದದ್ದು ಬಿರುಕು, ಮತ್ತು ಫೋರ್ಕು ಪಕ್ಕಕ್ಕೆ ಜಾರದಂತೆ ಹಿಡಿಯುವ ಲಾಕ್ ಪಿನ್ನು ತನ್ನ ಕಚ್ಚಿನಲ್ಲಿ ಕೂತಿದೆಯೇ ಎಂಬುದು.

ಚೈನು ನೋಡಲು ಫೋರ್ಕನ್ನು ಗೇಣುದ್ದ ಎತ್ತಿ, ಹ್ಯಾಂಡ್‌ಬ್ರೇಕ್ ಹಾಕಿ, ಇಂಜಿನ್ ಆರಿಸಿ ಇಳಿಯಿರಿ. ಎರಡೂ ಚೈನನ್ನು ಕೋಲಿನಿಂದ ಒತ್ತಿ ನೋಡಿ, ಬಿಗಿ ಒಂದೇ ಇರಬೇಕು. ಮಾಸ್ಟ್ ಸಂದಿಗೆ ಕೈ ಹಾಕಬೇಡಿ. ಪಿನ್ನುಗಳ ಸುತ್ತ ಕೆಂಪು ಪುಡಿ ಕಂಡರೆ ಒಳಗೆ ಎಣ್ಣೆ ಒಣಗಿ ತುಕ್ಕು ತಿನ್ನುತ್ತಿದೆ ಎಂದರ್ಥ. ಪಿನ್ನಿನ ತಲೆ ತಿರುಗಿದ್ದರೆ ಅಥವಾ ಹೊರಗೆ ಬಂದಿದ್ದರೆ, ಪಟ್ಟಿಯೊಂದು ಸೀಳಿದ್ದರೆ, ಅವತ್ತಿಗೆ ಆ ಗಾಡಿ ಇಲ್ಲ. ಚೈನು ಹಿಗ್ಗುವುದಕ್ಕೂ ಮಿತಿ 3%. ಪಿಚ್, ಅಂದರೆ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗಿರುವ ದೂರ, 19.05 ಮಿ.ಮೀ. ಇರುವ ಚೈನಿನಲ್ಲಿ 16 ಪಿಚ್ ಹೊಸದಾಗಿದ್ದಾಗ 305 ಮಿ.ಮೀ., 314 ಮುಟ್ಟಿದರೆ ಬದಲಿಸಬೇಕು. ಮೇಲಿನ ರಾಟೆಯ ಮೇಲೆ ಓಡುವ ಭಾಗದಲ್ಲೇ ಅಳೆಯಬೇಕು, ಸವೆಯುವುದು ಅದೇ. ಕಟ್ಟಿದ ತುದಿಯ ಹತ್ತಿರ ಅಳೆದರೆ ಯಾವಾಗಲೂ ಹೊಸದೇ ಅನ್ನಿಸುತ್ತದೆ.

ಟೈರಿನಲ್ಲಿ ತುಂಡು ಕಿತ್ತಿದೆಯೇ, ನಟ್ಟು ಸಡಿಲವೇ, ಗಾಳಿ ಟೈರಾದರೆ ಒತ್ತಡ ಸರಿಯೇ ನೋಡಿ. ಮುಂದಿನ ಎರಡು ಚಕ್ರದ ನಡುವೆ 1 ಮೀಟರ್ ಇದ್ದು ಒಂದು ಬದಿ 20 ಮಿ.ಮೀ. ತಗ್ಗಿದರೆ, 4 ಮೀಟರ್ ಮೇಲಿರುವ ಸರಕು 80 ಮಿ.ಮೀ. ಪಕ್ಕಕ್ಕೆ ವಾಲುತ್ತದೆ. ಹಿಂದಿನ ಆಕ್ಸಲ್ ನಡುವೆ ಒಂದೇ ಕೀಲಿನ ಮೇಲೆ ತೂಗುವುದರಿಂದ ಅದು ಆ ವಾಲುವಿಕೆಯನ್ನು ಹಿಡಿದು ನಿಲ್ಲಿಸುವುದಿಲ್ಲ.

ಇಂಜಿನ್ ಆಯಿಲ್, ಕೂಲೆಂಟ್, ಫ್ಯಾನ್ ಬೆಲ್ಟ್ ಮಾಮೂಲು. ಬಿಸಿ ರೇಡಿಯೇಟರ್ ಮುಚ್ಚಳ ಮಾತ್ರ ತೆಗೆಯಬೇಡಿ. ಹೈಡ್ರಾಲಿಕ್ ಆಯಿಲ್ ಮಟ್ಟವನ್ನು ಫೋರ್ಕು ಪೂರ್ತಿ ಇಳಿಸಿಯೇ ನೋಡಬೇಕು. ಮಾಸ್ಟ್ ಎತ್ತಿರುವಾಗ ಎಣ್ಣೆ ಸಿಲಿಂಡರಿನಲ್ಲಿರುತ್ತದೆ, ಕಡಿಮೆ ಕಂಡಿತೆಂದು ತುಂಬಿದರೆ ಇಳಿಸಿದಾಗ ಟ್ಯಾಂಕ್ ಉಕ್ಕುತ್ತದೆ.

ಈಗ ಸೀಟಿನಲ್ಲಿ ಕೂತು ಬೆಲ್ಟ್ ಹಾಕಿ. ಬ್ರೇಕ್ ಪೆಡಲನ್ನು ಒಂದೇ ಬಲದಲ್ಲಿ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಮೆಲ್ಲಗೆ ಕೆಳಗಿಳಿದರೆ ಮಾಸ್ಟರ್ ಸಿಲಿಂಡರ್ ಸೀಲು ಸೋತಿದೆ ಅಥವಾ ಎಲ್ಲೋ ಸೋರುತ್ತಿದೆ, ಸ್ಪಂಜಿನಂತಿದ್ದರೆ ಗಾಳಿ ಸೇರಿದೆ. ಒಂದೆರಡು ಮೀಟರ್ ಮುಂದೆ ಹೋಗಿ ನಿಲ್ಲಿಸಿ, ಹಿಂದೆ ಬಂದು ನಿಲ್ಲಿಸಿ. ರಿವರ್ಸ್ ಬಜರ್, ಸ್ಟೀರಿಂಗ್ ಅದರಲ್ಲೇ ತಿಳಿಯುತ್ತದೆ. ತಲೆಯ ಮೇಲೆ ತೊಲೆ, ಸ್ಪ್ರಿಂಕ್ಲರ್ ಇಲ್ಲದ ಕಡೆ ಮಾಸ್ಟನ್ನು ಪೂರ್ತಿ ಎತ್ತಿ, ಇಳಿಸಿ, ಹಿಂದೆ ಮುಂದೆ ಬಾಗಿಸಿ. ಜಗ್ಗಿ ಜಗ್ಗಿ ಏರಿದರೆ ರೋಲರ್ ಅಥವಾ ಎಣ್ಣೆಯ ತೊಂದರೆ. ಎಷ್ಟು ಭಾರ ಹೊರಬಹುದೆಂದು ಹೇಳುವ ತಗಡಿನ ಫಲಕ ಓದಲು ಬರುವಂತಿರಬೇಕು. ಸೈಡ್ ಶಿಫ್ಟರ್‌ನಂಥದ್ದು (ಫೋರ್ಕನ್ನು ಎಡಕ್ಕೆ ಬಲಕ್ಕೆ ಸರಿಸುವ ಜೋಡಣೆ) ಹಾಕಿಸಿದ್ದರೆ ಫಲಕದ ಅಂಕಿ ಅದಕ್ಕೆ ತಕ್ಕಂತೆ ಇಳಿದಿರಬೇಕು, ಹಳೆಯ ಫಲಕವೇ ಇದ್ದರೆ ಅದನ್ನು ನಂಬಬೇಡಿ.

ಮೂರು ಶಿಫ್ಟ್ ಇದ್ದರೆ ಮೂರು ಸಲವೂ ನೋಡಬೇಕು. ಅಮೆರಿಕದ ಕೆಲಸದ ಸುರಕ್ಷತಾ ಇಲಾಖೆ ಓಶಾದ ನಿಯಮದಲ್ಲೂ ದಿನಕ್ಕೊಮ್ಮೆ, ಹಗಲೂ ರಾತ್ರಿ ಓಡುವ ಗಾಡಿಯಾದರೆ ಪ್ರತಿ ಶಿಫ್ಟ್ ಮುಗಿದಾಗ ಎಂದೇ ಇದೆ. ಟಿಕ್ ಹಾಕುವ ಬದಲು ಕಂಡದ್ದನ್ನು ಬರೆಯಿರಿ: "ಎಡ ಹಿಂದಿನ ಟೈರು, ಎರಡು ಇಂಚು ಕಿತ್ತಿದೆ". ನಾಳೆ ಅದು ಮೂರು ಇಂಚಾದರೆ ಮುಂದಿನವರಿಗೆ ಗೊತ್ತಾಗುತ್ತದೆ. ಬ್ರೇಕು, ಸ್ಟೀರಿಂಗ್, ಫೋರ್ಕು, ಚೈನು, ಎಣ್ಣೆ ಸೋರಿಕೆ, ಸೀಟ್ ಬೆಲ್ಟ್, ಹಾರ್ನ್: ಇವುಗಳಲ್ಲಿ ಯಾವುದು ಕೆಟ್ಟಿದ್ದರೂ ನಿಧಾನಕ್ಕೆ ಓಡಿಸುತ್ತೇನೆ ಅನ್ನುವ ಮಾತಿಲ್ಲ. ಫೋರ್ಕು ಇಳಿಸಿ, ಕೀಲಿ ತೆಗೆದು ಸೂಪರ್‌ವೈಸರ್ ಕೈಗೆ ಕೊಡಿ, ಸ್ಟೀರಿಂಗಿಗೆ "ಓಡಿಸಬೇಡಿ" ಎಂಬ ಚೀಟಿ ಕಟ್ಟಿ, ಹೊತ್ತು ಮತ್ತು ಹೆಸರು ಬರೆಯಿರಿ. ಕೀಲಿ ಗಾಡಿಯಲ್ಲೇ ಬಿಟ್ಟು ಚೀಟಿ ಮಾತ್ರ ಕಟ್ಟಿದರೆ, ಲಾರಿ ಬಂದು ನಿಂತ ಅವಸರದಲ್ಲಿ ಯಾರೋ ಅದನ್ನು ಬಿಚ್ಚಿ ಪಕ್ಕಕ್ಕಿಟ್ಟು ಹತ್ತಿಬಿಡುತ್ತಾರೆ.