ಮೊಳಕಾಲ್ಮೂರು ಕಡೆಯಿಂದ: ಊರ ಕಥೆ ಊರೋರೇ ಹೇಳಿದ್ರೆ

ಲೋಕಲ್ ಸುದ್ದಿ ಬರೆಯೋದ್ರಿಂದ ಏನ್ ಬದಲಾಗುತ್ತೆ ಅಂತ ಕೇಳಿದ್ರಲ್ಲ ಸಾರ್, ನಮ್ದು ಚಿತ್ರದುರ್ಗ ಜಿಲ್ಲೆಯ ತುದಿ, ಆಚೆಗೆ ರಾಯದುರ್ಗ, ಅದು ಆಂಧ್ರ. ಸಂತೆ, ಬೀಗತನ ಎಲ್ಲ ಎರಡೂ ಕಡೆ ನಡೀತದೆ, ಮಳೆ ಕೈಕೊಟ್ರೆ ಶೇಂಗಾ ಎರಡೂ ಕಡೆ ಒಟ್ಟಿಗೇ ಒಣಗುತ್ತೆ, ಆದ್ರೆ ಪೇಪರಿನ ಜಿಲ್ಲಾ ಪುಟ ಮಾತ್ರ ಗಡಿ ದಾಟಲ್ಲ.

ಆ ಕಡೇದೇ ಒಂದು ಹೇಳ್ತೀನಿ. ನೆಲ್ಲೂರು ಜಿಲ್ಲೆ ದೂಬಗುಂಟ ಅನ್ನೋ ಹಳ್ಳೀಲಿ ರಾತ್ರಿ ಶಾಲೆಗೆ ಹೋಗ್ತಿದ್ದ ಹೆಂಗಸರು ಅಕ್ಷರ ಕಲಿಯೋ ಪುಸ್ತಕದಲ್ಲಿ ಸಾರಾಯಿ ಕುಡುಕನ ಹೆಂಡ್ತಿ ಪಾಠ ಓದಿದ್ರು, ಇದು ನಮ್ಮನೆ ಕಥೇನೇ ಅಲ್ವಾ ಅಂತ ಎದ್ದು ಹೋಗಿ ಸಾರಾಯಿ ಅಂಗಡಿ ಮುಚ್ಚಿಸಿದ್ರು, ತೆಲುಗಿನ ಈನಾಡು ಪೇಪರು ಅದನ್ನ ಊರೂರಿಗೆ ಮುಟ್ಟಿಸ್ತು, 1993ರಲ್ಲಿ ಆಂಧ್ರದಲ್ಲಿ ಸಾರಾಯಿ ಬಂದ್. ನಮ್ ಕರ್ನಾಟಕದಲ್ಲಿ ಬಂದ್ ಆಗೋಕೆ 2007 ಆಗ್ಬೇಕಾಯ್ತು ಬಿಡಿ.

ಈಗ ನಮ್ ಜಿಲ್ಲೆ ಕಾಡುಗೊಲ್ಲರ, ಅಂದ್ರೆ ಕುರಿ-ದನ ಸಾಕೋ ಜನರ, ಹಟ್ಟಿಗಳಿಗೆ ಬನ್ನಿ. ಮುಟ್ಟಾದೋರನ್ನ, ಬಾಣಂತೀರನ್ನ ಹಟ್ಟಿ ಹೊರಗಿಡೋ ಪದ್ಧತಿ ಕೆಲವು ಕಡೆ ಇನ್ನೂ ಐತೆ, 2017ರ ಮೌಢ್ಯ ನಿಷೇಧ ಕಾಯ್ದೇಲಿ ಅದು ಅಪರಾಧ. ಟೀವಿಯೋರು ಕಾರಲ್ಲಿ ಬರ್ತಾರೆ, ಗುಡಿಸ್ಲು ಶೂಟ್ ಮಾಡ್ತಾರೆ, "ಅಮಾನವೀಯ" ಅಂತ ಕೆಂಪಕ್ಷರ ಹಾಕ್ತಾರೆ, ಹೋಗ್ತಾರೆ. ಹಟ್ಟಿಯೋರಿಗೆ ಮಾನ ಹೋದಂಗಾಗಿ ಇನ್ನೊಬ್ರನ್ನ ಒಳಗೇ ಬಿಡಲ್ಲ, ಕೊನೆಗೆ ಸರ್ಕಾರ ಬಂದು ಹಟ್ಟಿ ಹೊರಗೆ ಒಂದು ಕಟ್ಟಡ ಕಟ್ಟಿಸುತ್ತೆ. ಅಂದ್ರೆ ಹೊರಗೆ ಇರೋದಂತೂ ಗ್ಯಾರಂಟಿ ಆಯ್ತು! ನನಗಂತೂ ಇದು ಸುದ್ದಿ ಮಾಡಿದ ಕೆಲಸ ಅನ್ಸಲ್ಲ, ಕೆಡಿಸಿದ ಕೆಲಸ.

ಅಂಥದೇ ಒಂದು ಹಟ್ಟಿ ಸೊಸೆ, ಆಶಾ ಕೆಲಸ ಮಾಡೋ ಅಕ್ಕ ಒಬ್ರು, ಕಟ್ಟೆ ಮೇಲೆ ಕೂತು ತನ್ನ ಬಾಣಂತನದ ಕಥೆ ಹೇಳಿದ್ದನ್ನ ನಾನೇ ಕೇಳಿದೀನಿ. ಮಳೇಲಿ ಗೋಣಿಚೀಲ ಹೊದ್ಕೊಂಡು ಹಸುಗೂಸಿಗೆ ಹಾಲು ಕುಡಿಸಿದ್ದು, ರಾತ್ರಿಯೆಲ್ಲ ಚೇಳು ಬರುತ್ತೆ ಅಂತ ಟಾರ್ಚ್ ಆರಿಸ್ದೆ ಕೂತಿದ್ದು. "ಜುಂಜಪ್ಪ ಮುನೀತಾನಮ್ಮ" ಅಂತ ತಮ್ಮ ದೇವರ ಹೆಸರು ಹೇಳಿದ ಅತ್ತೇನೇ ಆಮೇಲೆ, "ಹೂಂ, ನಂಗೂ ಹಂಗೇ ಆಗಿತ್ತು" ಅಂದ್ರು. ಜುಂಜಪ್ಪನ ಕಥೇನ ಗಣೆ ಅನ್ನೋ ಬಿದಿರು ಕೊಳಲು ಊದ್ಕೊಂಡು ರಾತ್ರಿಯೆಲ್ಲ ಹಾಡೋ ಜನ ಇವ್ರು, ಕಥೆ ಕೇಳೋದು ಅವರಿಗೆ ಯಾರೂ ಕಲಿಸ್ಬೇಕಾಗಿಲ್ಲ. ಕಥೆ ಕೇಳಿದ ಆ ಮಳೆಗಾಲ ಆ ಅತ್ತೆಯ ಹೊಸ ಮೊಮ್ಮಗು ಮನೆ ಪಡಸಾಲೇಲೇ ಮಲಗ್ತು. ಉಳಿದ ಮನೆಗಳು ಇನ್ನೂ ಯೋಚ್ನೆ ಮಾಡ್ತಾವೆ.

ನೀವು ಬರಿಯೋಕೆ ಬರೋದಾದ್ರೆ ಬನ್ನಿ, ಬೇಡ ಅನ್ನಲ್ಲ. ಕ್ಯಾಮೆರಾ ಮೊದಲ ದಿನ ಚೀಲದಲ್ಲೇ ಇರ್ಲಿ, ಬರೆದದ್ದನ್ನ ಅಚ್ಚಿಗೆ ಕಳ್ಸೋ ಮುಂಚೆ ಹಟ್ಟೀಲಿ ಓದಿ ಹೇಳ್ರಿ, ಬೈದ್ರೆ ಬೈಸ್ಕೊಳ್ರಿ.