ಕೊಳವೆಬಾವಿಯ ನೀರು ಮತ್ತು ಆರ್ಕಿಡ್ ಬೇರು

ಪ್ರಶ್ನೆ: ರಾಯಚೂರಿನಲ್ಲಿ ನನ್ನದೊಂದು ಸಣ್ಣ ಹಸಿರುಮನೆ ಇದೆ. ಬೇಸಿಗೆಯಲ್ಲಿ ವಾಂಡಾ ಆರ್ಕಿಡ್ ಗಿಡಗಳಿಗೆ ದಿನಕ್ಕೆ ನಾಲ್ಕು ಸಲ ಕೊಳವೆಬಾವಿ ನೀರು ಸಿಂಪಡಿಸಿದರೂ ಎಲೆಗಳು ಸುಕ್ಕುಗಟ್ಟಿ ಉದುರುತ್ತಿವೆ. ಇನ್ನೂ ಹೆಚ್ಚು ನೀರು ಕೊಡಬೇಕೆ?

ಉತ್ತರ: ಖಂಡಿತ ಬೇಡ. ಪ್ರತಿ ಬೇಸಿಗೆಯಲ್ಲೂ ನೀರು ಎಷ್ಟಿರಬೇಕು ಎಂದು ಕೇಳುವವರೇ ಎಲ್ಲರೂ. ನೀರು ಎಂಥದ್ದಿರಬೇಕು ಎಂದು ಕೇಳಿದವರನ್ನು ನಾನು ಕಾಣೆ. ಮೊದಲು ಒಂದು ಬೇರನ್ನು ಕೈಯಲ್ಲಿ ಹಿಡಿದು ನೋಡಿ. ಒಣಗಿದಾಗ ಬೆಳ್ಳಗಿದ್ದು, ನೀರು ತಾಗಿದೊಡನೆ ಹಸಿರಿಗೆ ತಿರುಗಿದರೆ ಅದು ಜೀವಂತ ಬೇರು. ಸಿಪ್ಪೆ ಕಂದಾಗಿ, ಮೆಲ್ಲನೆ ಎಳೆದರೆ ಕಳಚಿಬಂದು ನೂಲಿನಂಥ ಎಳೆಯಷ್ಟೇ ಉಳಿದರೆ ಅದು ಸತ್ತಿದೆ. ಅಂಥ ಬೇರಿಗೆ ಎಷ್ಟು ನೀರು ಹೊಯ್ದರೂ ಎಲೆಗೆ ತಲುಪುವುದಿಲ್ಲ.

ಬೇರಿನ ಬಿಳಿ ಹೊದಿಕೆಯಾದ ವೆಲಮೆನ್ ಸತ್ತ ಜೀವಕೋಶಗಳ ಸ್ಪಂಜು. ನೀರನ್ನು ಹೀರುವಾಗ ಅದರಲ್ಲಿ ಕರಗಿದ ಲವಣವನ್ನೂ ಅದು ಒಳಗೆಳೆದುಕೊಳ್ಳುತ್ತದೆ. 40 ಡಿಗ್ರಿ ದಾಟಿದ ಒಣ ಗಾಳಿಯಲ್ಲಿ ನೀರು ನಿಮಿಷಗಳಲ್ಲಿ ಆರಿಹೋಗುತ್ತದೆ, ಉಪ್ಪು ಮಾತ್ರ ಅಲ್ಲಿಯೇ ಉಳಿಯುತ್ತದೆ. ನಾಲ್ಕು ಸಲ ಸಿಂಪಡಿಸಿದರೆ ನಾಲ್ಕು ಪದರ ಉಪ್ಪು. ಹಸಿರು ಬೇರುತುದಿ ಕಪ್ಪಾಗುವುದು ಇದರ ಮೊದಲ ಗುರುತು. ಗಡಸು ನೀರನ್ನು ಮೆದುಗೊಳಿಸುವ ಉಪ್ಪಿನ ಯಂತ್ರವನ್ನು ಇದಕ್ಕೆ ಪರಿಹಾರವೆಂದು ಮಾರುವವರ ಮಾತನ್ನು ದಯವಿಟ್ಟು ನಂಬಬೇಡಿ: ಅದು ಸುಣ್ಣವನ್ನು ತೆಗೆದು ಸೋಡಿಯಂ ಸೇರಿಸುತ್ತದೆ, ಆರ್ಕಿಡ್‌ಗೆ ಅದು ಇನ್ನೂ ಕೆಟ್ಟದ್ದು. ಅಂಥ ನೀರಿನಿಂದ ಒಂದೇ ಬೇಸಿಗೆಯಲ್ಲಿ ಒಂದು ಸಾಲು ಸೀತಾಳೆ ದಂಡೆ ಆರ್ಕಿಡ್‌ಗಳನ್ನು ಕಳೆದುಕೊಂಡ ಮೇಲೆ, ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಅಳತೆ) ಲೀಟರಿಗೆ 200 ಮಿಲಿಗ್ರಾಂ ಮೀರಿದ ನೀರನ್ನು ನನ್ನ ಗಿಡಗಳ ಹತ್ತಿರ ತರುವುದಿಲ್ಲ.

ಮಳೆನೀರು ಹಿಡಿದಿಡಿ. ನೂರು ಚದರ ಅಡಿ ಮಾಳಿಗೆಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 90 ಲೀಟರ್ ಆಗುತ್ತದೆ. ಅದು ಸಾಲದಿದ್ದರೆ ಆರ್‌ಒ ನೀರು ಬಳಸಿ. ಬೆಳಿಗ್ಗೆ ಬೇರುಗಳೆಲ್ಲ ಹಸಿರಾಗುವವರೆಗೆ ನೆನೆಸಿ, ಸಂಜೆ ನೆಲವನ್ನಷ್ಟೇ ತೋಯಿಸಿ. ರಾತ್ರಿ ಸುಳಿಯಲ್ಲಿ ನೀರು ನಿಲ್ಲಬಾರದು. ವಾಂಡಾ ತನ್ನ ಪತ್ರರಂಧ್ರಗಳನ್ನು ಹೆಚ್ಚಾಗಿ ರಾತ್ರಿಯೇ ತೆರೆಯುವುದರಿಂದ ಹಗಲಿನ ಶಾಖದಷ್ಟೇ ರಾತ್ರಿಯ ತಂಪು ಮತ್ತು ತೇವವೂ ಮುಖ್ಯ. ಗರಿಷ್ಠ, ಕನಿಷ್ಠ ಎರಡನ್ನೂ ತೋರಿಸುವ ಥರ್ಮಾಮೀಟರ್ ತೂಗುಹಾಕಿ ದಿನವೂ ಬರೆದಿಡಿ. ಆ ವಹಿ ಇಲ್ಲದೆ ಕಳುಹಿಸುವ ಫೋಟೊ ನೋಡಿ ನಾನು ಏನನ್ನೂ ಹೇಳಲಾರೆ.

ಗಂಗಾವತಿಯ ಓದುಗರಿಗೆ: ಅಕ್ಕಿ ತೊಳೆದ ನೀರು ಬೇಡ, ಅದರ ಗಂಜಿ ವೆಲಮೆನ್‌ಗೆ ಅಂಟಿ ಬೂಷ್ಟು ಹಿಡಿಯುತ್ತದೆ.

ಬಳ್ಳಾರಿಯಿಂದ ಕೇಳಿದವರಿಗೆ: ಆರ್ಕಿಡ್ ಬಂದಳಿಕೆಯಲ್ಲ; ಮರದ ತೊಗಟೆಯನ್ನು ಹಿಡಿದು ಕೂರುತ್ತದೆಯೇ ಹೊರತು ಮರದ ರಸವನ್ನು ಹೀರುವುದಿಲ್ಲ.

ಕೊಪ್ಪಳದವರಿಗೆ: ನೀವು ಕೊಂಡ ಗಾಢ ನೀಲಿ ಫೆಲನಾಪ್ಸಿಸ್ ಆರ್ಕಿಡ್‌ಗೆ ಬಣ್ಣ ಹಾಕಲಾಗಿದೆ. ಮುಂದಿನ ಹೂಗೊಂಚಲು ಬೆಳ್ಳಗೇ ಬರುತ್ತದೆ, ಅದು ರೋಗವಲ್ಲ, ಔಷಧಿ ಹೊಡೆಯಬೇಡಿ.